ಎಪಿಸಿ ಕೆಟ್ಟರೆ ಬೀಟಾ-ಕ್ಯಾಟೆನಿನ್ ಯಾಕೆ ಹೆಚ್ಚುತ್ತದೆ? ದೊಡ್ಡ ಕರುಳಿನ ಕ್ಯಾನ್ಸರ್ ಟಿಪ್ಪಣಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೊರಟಿದ್ದೆವು. ಉಣಕಲ್ ಹತ್ತಿರ ಗದಗಿನ ಗೆಳತಿ ಕೇಳಿದಳು: "ಎಪಿಸಿ ಕೆಟ್ಟರ ಬೀಟಾ-ಕ್ಯಾಟೆನಿನ್ ಹೆಚ್ಚಾಗೋದು ಹೆಂಗ? ಕಡಿಮಿ ಆಗಬೇಕಲ್ಲ?" ಎಪಿಸಿ ಅಂದರೆ ಒಂದು ಜೀನ್ ಮತ್ತು ಅದರಿಂದಾಗುವ ಪ್ರೋಟೀನ್; ಬೀಟಾ-ಕ್ಯಾಟೆನಿನ್ ಕೋಶವನ್ನು ವಿಭಜನೆಗೆ ತಳ್ಳುವ ಪ್ರೋಟೀನ್. ಸತ್ತೂರು ದಾಟಿದರೂ ನನಗೆ ಉತ್ತರ ಹೊಳೆಯಲಿಲ್ಲ. ಪುಸ್ತಕದ ಬಾಣಗಳನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ. ಆಮೇಲೆ ಕೂತು ಬಿಡಿಸಿಕೊಂಡದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಾಕ್ಟಿಕಲ್‌ನಲ್ಲಿ ನೋಡಿದ ಸ್ಲೈಡ್ ನೆನಪಿಸಿಕೊಳ್ಳಿ. ಸರಿಯಾಗಿರುವ ಕರುಳಿನ ಒಳಪದರದಲ್ಲಿ ಟೆಸ್ಟ್ ಟ್ಯೂಬ್ ಸಾಲಾಗಿ ನಿಲ್ಲಿಸಿದಂತೆ ಕುಳಿಗಳಿರುತ್ತವೆ. ಅವೇ ಕ್ರಿಪ್ಟ್‌ಗಳು. ತಳದಲ್ಲಿ ಕಾಂಡಕೋಶಗಳು. ಅಲ್ಲಿಂದ ಹೊಸ ಕೋಶಗಳು ಮೇಲಕ್ಕೆ ಸರಿಯುತ್ತಾ ಹೋಗಿ, ಕೆಲವೇ ದಿನಗಳಲ್ಲಿ ಉದುರಿಬಿಡುತ್ತವೆ. ತಳದಲ್ಲಿ ಕೋಶಕ್ಕೆ ವಿಭಜನೆಯಾಗು ಎನ್ನುವ ವಿಂಟ್ ಸಂಕೇತ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಈಗ ಅಡಿನೋಮಾ (ಕ್ಯಾನ್ಸರ್ ಆಗುವ ಮೊದಲಿನ ಗಡ್ಡೆ) ಸ್ಲೈಡ್ ನೋಡಿ. ನ್ಯೂಕ್ಲಿಯಸ್‌ಗಳು ಕಪ್ಪಗೆ, ಉದ್ದಕ್ಕೆ, ಪೆನ್ಸಿಲ್ ಕಟ್ಟಿನ ಹಾಗೆ ಒತ್ತೊತ್ತಾಗಿ ಮೇಲ್ತುದಿಯವರೆಗೂ ಇವೆ. ಮೇಲೆ ಬಂದು ಸುಮ್ಮನಾಗಬೇಕಿದ್ದ ಕೋಶ ಇನ್ನೂ ತಳದಲ್ಲೇ ಇರುವಂತೆ ವಿಭಜನೆಯಾಗುತ್ತಿದೆ.

ಯಾಕೆ? ಗೆಳತಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತೂತಿನ ಕೊಡವನ್ನು ನಲ್ಲಿ ಕೆಳಗೆ ಇಟ್ಟಿದ್ದೀರಿ ಅಂದುಕೊಳ್ಳಿ. ನೀರು ಬೀಳುತ್ತಲೇ ಇರುತ್ತದೆ, ಸೋರುತ್ತಲೇ ಇರುತ್ತದೆ. ಕೊಡ ತುಂಬುವುದಿಲ್ಲ. ಕೋಶ ಬೀಟಾ-ಕ್ಯಾಟೆನಿನ್ ಅನ್ನು ಸದಾ ತಯಾರಿಸುತ್ತಿರುತ್ತದೆ. ಎಪಿಸಿ, ಆಕ್ಸಿನ್, ಜಿಎಸ್‌ಕೆ-3 ಬೀಟಾ, ಸಿಕೆ-1 ಎಂಬ ಪ್ರೋಟೀನ್‌ಗಳು ಸೇರಿದ ಗುಂಪು ಅದಕ್ಕೆ ಫಾಸ್ಫೇಟ್ ಅಂಟಿಸಿ, ಒಡೆದುಹಾಕುವಂತೆ ಗುರುತು ಮಾಡುತ್ತಿರುತ್ತದೆ. ವಿಂಟ್ ಬಂದಾಗ ಆಗುವುದಿಷ್ಟೇ: ಈ ಗುಂಪಿನ ಕೆಲಸ ನಿಲ್ಲುತ್ತದೆ, ತೂತು ಮುಚ್ಚುತ್ತದೆ. ಎಪಿಸಿ ಕೆಟ್ಟರೆ ವಿಂಟ್ ಬಾರದಿದ್ದರೂ ತೂತು ಮುಚ್ಚೇ ಇರುತ್ತದೆ. ಬೀಟಾ-ಕ್ಯಾಟೆನಿನ್ ನ್ಯೂಕ್ಲಿಯಸ್‌ಗೆ ಹೋಗಿ ಟಿಸಿಎಫ್ ಎಂಬ ಪ್ರೋಟೀನ್ ಜೊತೆ ಸೇರಿ, ವಿಭಜನೆ ಹೆಚ್ಚಿಸುವ ಮಿಕ್‌ನಂಥ ಜೀನ್‌ಗಳನ್ನು ಚಾಲೂ ಮಾಡುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 80% ಎಪಿಸಿ ಕೆಟ್ಟವು. ಎಪಿಸಿಯ ಎರಡೂ ಪ್ರತಿಗಳು ಹಾಳಾಗಬೇಕು. ಒಂದು ಕೆಟ್ಟ ಪ್ರತಿಯನ್ನು ಹುಟ್ಟಿನಿಂದಲೇ ಪಡೆದವರ ಕರುಳಿನಲ್ಲಿ ನೂರಾರು, ಸಾವಿರಾರು ಪಾಲಿಪ್ (ಸಣ್ಣ ಗಂಟು) ಏಳುವುದು ಇನ್ನೊಂದು ಪ್ರತಿ ಕೆಟ್ಟರೆ ಸಾಕಾಗುವುದಕ್ಕೇ. ಅದೇ ಎಫ್‌ಎಪಿ ಎಂಬ ವಂಶಪಾರಂಪರ್ಯ ಕಾಯಿಲೆ.

ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತದ ಹಾದಿ ಬೇರೆ ಥರ. ಅದು ಕೋಶದ ಬ್ರೇಕು. ಆ ಹಾದಿಯ ಸ್ಮ್ಯಾಡ್-4 ಪ್ರೋಟೀನ್ ಹೋದರೆ ಬ್ರೇಕೂ ಹೋಯಿತು.

ಕೆ-ರಾಸ್ (ಕೋಶಕ್ಕೆ ಬೆಳೆ ಎನ್ನುವ ಸ್ವಿಚ್ಚಿನಂಥ ಪ್ರೋಟೀನ್) ಮಾತ್ರ ನಿಧಾನವಾಗಿ ಓದಿ. ಜಿಟಿಪಿ ಎಂಬ ಅಣು ಹಿಡಿದಾಗ ಅದು ಆನ್, ಅದು ಒಡೆದು ಆಗುವ ಜಿಡಿಪಿ ಹಿಡಿದಾಗ ಆಫ್. ಮ್ಯುಟೇಶನ್ ಆದರೆ ಜಿಟಿಪಿಯನ್ನು ಒಡೆಯಲಾಗದೆ ಆನ್ ಆಗಿಯೇ ಉಳಿಯುತ್ತದೆ. ಸುಮಾರು 40% ಗಡ್ಡೆಗಳಲ್ಲಿ ಇದು ಇರುತ್ತದೆ. ಸೆಟುಕ್ಸಿಮ್ಯಾಬ್ ಔಷಧ ಕೋಶದ ಹೊರಮೈ ಮೇಲಿದ್ದು ರಾಸ್ ಅನ್ನು ಚುರುಕು ಮಾಡುವ ಇಜಿಎಫ್‌ಆರ್ ಎಂಬ ಗ್ರಾಹಕವನ್ನು ತಡೆಯುತ್ತದೆ. ಆದರೆ ಬಾಗಿಲ ಬಳಿಯ ಬೆಲ್ ಗುಂಡಿ ಮುಚ್ಚಿ ಏನು ಫಲ, ಒಳಗೆ ವೈರ್ ಅಂಟಿ ಬೆಲ್ ಬಾರಿಸುತ್ತಲೇ ಇದ್ದರೆ? ಅದಕ್ಕೇ ಔಷಧ ಕೊಡುವ ಮೊದಲು ರಾಸ್ ಪರೀಕ್ಷೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ರಾಸ್‌ನಿಂದ ಸಂಕೇತ ಪಡೆಯುವ ಬಿ-ರಾಫ್ ಪ್ರೋಟೀನಿನ ವಿ-600-ಇ ಮ್ಯುಟೇಶನ್ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೂ ಇದೆ, ಕರುಳಿನಲ್ಲೂ ಇದೆ. ಬಿ-ರಾಫ್ ತಡೆಯುವ ಔಷಧವೊಂದೇ ಮೆಲನೋಮಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕರುಳಿನಲ್ಲಿ ಅಷ್ಟು ಮಾಡುವುದಿಲ್ಲ. ಕಾರಣ ಇಜಿಎಫ್‌ಆರ್. ಕೆಳಗಿನ ಸಂಕೇತ ನಿಂತ ಕೂಡಲೇ ಇಜಿಎಫ್‌ಆರ್ ಮೇಲಿದ್ದ ಹಿಡಿತ ಸಡಿಲಾಗುತ್ತದೆ. ಅದು ಎದ್ದು ಮತ್ತೆ ರಾಸ್ ಅನ್ನು ಚುರುಕು ಮಾಡುತ್ತದೆ. ಮೆಲನೋಮಾ ಕೋಶದಲ್ಲಿ ಇಜಿಎಫ್‌ಆರ್ ಕಡಿಮೆ, ಹಾಗಾಗಿ ಅಲ್ಲಿ ಈ ತೊಂದರೆ ಅಷ್ಟಿಲ್ಲ. ಕರುಳಿನಲ್ಲಿ ಎರಡೂ ಕಡೆ ಒಟ್ಟಿಗೆ ತಡೆಯಬೇಕು. ಬಿ-ರಾಫ್ ತಡೆಯುವ ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿಗೆ ಅಮೆರಿಕದಲ್ಲಿ 2020ರಲ್ಲಿ ಮಂಜೂರಾತಿ ಸಿಕ್ಕಿತು.