ಫೇಲ್‌ಟುಬ್ಯಾನ್ ಕೂಡ ಟ್ಯಾಂಕಿನ ಮೋಟಾರಿನಂತೆ ಫೀಡ್‌ಬ್ಯಾಕ್ ಲೂಪೇ?

ಪ್ರಶ್ನೆ: ಪದೇ ಪದೇ ಲಾಗಿನ್ ತಪ್ಪುವ ಐಪಿ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ (fail2ban) ತಂತ್ರಾಂಶವನ್ನು ಸರ್ವರಿಗೆ ಹಾಕಿದ್ದೇನೆ. ಇದೂ ಒಂದು ಫೀಡ್‌ಬ್ಯಾಕ್ ಲೂಪ್ (ಫಲಿತಾಂಶ ಅಳೆದು ಅದರಂತೆ ಮುಂದಿನ ಕೆಲಸ ತಿದ್ದಿಕೊಳ್ಳುವ ವ್ಯವಸ್ಥೆ) ಎನ್ನುತ್ತಾರೆ ಕಂಟ್ರೋಲ್ ಸಿಸ್ಟಮ್ಸ್ ಓದಿದವರು. ಹೌದೇ? ಡೆವಲಪರ್‌ಗೆ ಅದರಿಂದ ಏನು ಪ್ರಯೋಜನ?

ಉತ್ತರ: ಅರ್ಧ ಹೌದು. ಪ್ರಯೋಜನವಿರುವುದು ಉಳಿದ ಅರ್ಧದಲ್ಲಿ.

ಮನೆ ಮೇಲಿನ ಟ್ಯಾಂಕಿನ ಆಟೋಮ್ಯಾಟಿಕ್ ಸ್ವಿಚ್‌ನಲ್ಲಿ ಮೂರು ಭಾಗ: ನೀರಿನ ಮಟ್ಟ ಅಳೆಯುವ ಸೆನ್ಸರ್, ತೀರ್ಮಾನಿಸುವ ಸರ್ಕ್ಯೂಟು, ನೀರೆತ್ತುವ ಮೋಟಾರು. ಫೇಲ್‌ಟುಬ್ಯಾನ್‌ನಲ್ಲಿ ಸೆನ್ಸರ್ ಎಂದರೆ ಲಾಗಿನ್ ಪ್ರಯತ್ನಗಳು ದಾಖಲಾಗುವ ಲಾಗ್, ತೀರ್ಮಾನ ಮ್ಯಾಕ್ಸ್‌ರಿಟ್ರೈ (ಎಷ್ಟು ತಪ್ಪು) ಮತ್ತು ಫೈಂಡ್‌ಟೈಮ್‌ಗಳದು (ಎಷ್ಟು ಹೊತ್ತಿನೊಳಗೆ), ಮೋಟಾರಿನ ಜಾಗದಲ್ಲಿ ಫೈರ್‌ವಾಲ್. ಡೀಫಾಲ್ಟ್ ಲೆಕ್ಕ: 10 ನಿಮಿಷದೊಳಗೆ 5 ಸಲ ಲಾಗಿನ್ ತಪ್ಪಿದರೆ ಆ ಐಪಿ 10 ನಿಮಿಷ ಬ್ಯಾನ್.

ಮೋಟಾರು ಓಡುವಾಗಲೂ ಸೆನ್ಸರ್ ನೀರನ್ನು ನೋಡುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ. ಬ್ಯಾನ್ ಬಿದ್ದ ಮೇಲೆ ಆ ಐಪಿಯ ಪ್ಯಾಕೆಟ್‌ಗಳು ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಸೇವೆ) ತನಕ ಬರುವುದೇ ಇಲ್ಲ, ಲಾಗ್‌ಗೆ ಸಾಲೂ ಬೀಳುವುದಿಲ್ಲ. ದಾಳಿ ನಿಂತಿತೋ, ಇನ್ನೂ ಬಾಗಿಲು ಬಡಿಯುತ್ತಿದೆಯೋ ಫೇಲ್‌ಟುಬ್ಯಾನ್‌ಗೆ ತಿಳಿಯದು. ಲೂಪ್ ಕಡಿದು, ಬರೀ ಟೈಮರ್ ಉಳಿಯುತ್ತದೆ. ಬಿಡುಗಡೆಯಾದ ಐಪಿ ಮತ್ತೆ ಹಾಜರಾಗುವುದು ಇದರಿಂದಲೇ.

ಫೇಲ್‌ಟುಬ್ಯಾನ್‌ನ ಸೆಟ್ಟಿಂಗ್ ಇರುವ ಜೈಲ್.ಲೋಕಲ್ ಫೈಲಿನಲ್ಲಿ ಬ್ಯಾನ್‌ಟೈಮ್.ಇನ್‌ಕ್ರಿಮೆಂಟ್ ಆನ್ ಮಾಡಿದರೆ ಲೂಪಿಗೆ ನೆನಪು ಬರುತ್ತದೆ. ಅದೇ ಐಪಿ ಮತ್ತೆ ಸಿಕ್ಕಿಬಿದ್ದಂತೆಲ್ಲ ಅವಧಿ ದುಪ್ಪಟ್ಟಾಗುತ್ತಾ ಹೋಗುತ್ತದೆ. ಸ್ಥೂಲವಾಗಿ ಇದು ಪಿಐಡಿ ಎಂಬ ಕಂಟ್ರೋಲರಿನಲ್ಲಿ ಹಿಂದಿನ ತಪ್ಪುಗಳನ್ನು ಕೂಡಿಸುತ್ತಾ ಹೋಗುವ ಇಂಟಿಗ್ರಲ್ ಭಾಗದ ಕೆಲಸ. ಕೂಡಿದ್ದು ಮಿತಿಮೀರುವ ವೈಂಡ್‌ಅಪ್ ಎಂಬ ಅದರ ರೋಗವೂ ಜೊತೆಗೇ ಬರುತ್ತದೆ. ಮೊಬೈಲ್ ಡೇಟಾದಲ್ಲಿ ಒಂದೇ ಐಪಿವಿ4 ವಿಳಾಸದ ಹಿಂದೆ ಬಹಳ ಗ್ರಾಹಕರಿರುತ್ತಾರೆ, ಒಬ್ಬರ ತಪ್ಪಿಗೆ ಎಲ್ಲರೂ ದಿನಗಟ್ಟಲೆ ಹೊರಗುಳಿಯಬಾರದು. ಬ್ಯಾನ್‌ಟೈಮ್.ಮ್ಯಾಕ್ಸ್‌ಟೈಮ್‌ಗೆ 1 ದಿನದಂಥ ಮಿತಿ ಕೊಡಿ.

ನಿಧಾನದ ದಾಳಿ ಬೇರೆಯೇ ಸಂಗತಿ. 10 ನಿಮಿಷಕ್ಕೆ 4 ಸಲವಷ್ಟೇ ಪ್ರಯತ್ನಿಸುವ ಐಪಿ ದಿನಕ್ಕೆ 576 ಪಾಸ್‌ವರ್ಡ್ ನೋಡಿದರೂ ಬ್ಯಾನ್ ಆಗದು. ಇದಕ್ಕೆ ಅಂಕಿ ತಿದ್ದುವುದಕ್ಕಿಂತ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಬಳಸುವುದೇ ಸರಿ.

ಎಲ್ಲರೂ ಮೊದಲು ಕೈಹಾಕುವುದು ಅಂಕಿಗಳಿಗೆ. ಆದರೆ ಕೆಡುವುದು ಹೆಚ್ಚಾಗಿ ಲೂಪಿನ ಎರಡು ತುದಿಗಳು. ಡೆಬಿಯನ್ 12 ಲಿನಕ್ಸ್‌ನಲ್ಲಿ ಲಾಗ್‌ಗಳನ್ನು ಫೈಲಿಗೆ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಹಾಗಾಗಿ ಲಾಗಿನ್ ದಾಖಲಿಸುವ ಆಥ್.ಲಾಗ್ ಫೈಲೇ ಇರುವುದಿಲ್ಲ. ಸೆನ್ಸರ್ ಕುರುಡು, ಜೈಲ್ (ಒಂದು ಸೇವೆಯನ್ನು ಕಾಯುವ ನಿಯಮಗಳ ಗುಂಪು) ಶುರುವಾಗದೆ ನಿಲ್ಲುತ್ತದೆ. ಲಾಗ್ ಎಲ್ಲಿಂದ ಓದಬೇಕೆಂದು ಹೇಳುವ ಬ್ಯಾಕ್‌ಎಂಡ್ ಅನ್ನು ಸಿಸ್ಟಮ್‌ಡಿ ಎಂದು ಬರೆಯಬೇಕು. ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಗಳನ್ನು ಪಡೆದು ಒಳಗೆ ದಾಟಿಸುವ ಸರ್ವರ್) ಹಿಂದಿರುವ ಆಪ್ ತನ್ನ ಲಾಗ್‌ನಲ್ಲಿ ಪ್ರಾಕ್ಸಿಯ ಐಪಿಯನ್ನೇ ಬರೆದರೆ ಸೆನ್ಸರ್ ಸುಳ್ಳು ಹೇಳಿದಂತೆ: ಪ್ರಾಕ್ಸಿಯೇ ಬ್ಯಾನ್ ಆಗಿ ಸೈಟ್ ಎಲ್ಲರಿಗೂ ಬಂದ್.

ಇನ್ನೊಂದು ತುದಿಯಾದ ಫೈರ್‌ವಾಲ್, ಆಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಕೆಡುತ್ತದೆ. ಹೊರಗೆ ತೆರೆದ ಕಂಟೇನರ್ ಪೋರ್ಟ್‌ನ ಟ್ರಾಫಿಕ್ ಫೈರ್‌ವಾಲಿನ ಇನ್‌ಪುಟ್ ಚೈನ್ (ಸರ್ವರಿಗೇ ಬರುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಹಾಯುವುದಿಲ್ಲ, ಆದರೆ ಬ್ಯಾನ್ ಬೀಳುವುದು ಅಲ್ಲೇ. ವಾಲ್ವ್ ತಿರುಗಿಸಿದ್ದು ಬೇರೆ ಪೈಪಿನದು! ಫೇಲ್‌ಟುಬ್ಯಾನ್ ಲಾಗ್‌ನಲ್ಲಿ ಒಂದೇ ಐಪಿಗೆ ‘ಆಲ್‌ರೆಡಿ ಬ್ಯಾನ್ಡ್’ ಎಂದು ಪದೇ ಪದೇ ಕಂಡರೆ ಇದನ್ನೇ ಶಂಕಿಸಿ. ಲಿನಕ್ಸ್‌ನ ಐಪಿಟೇಬಲ್ಸ್ ಫೈರ್‌ವಾಲ್ ಬಳಸುತ್ತಿದ್ದರೆ ಆ್ಯಕ್ಷನ್‌ನ (ಬ್ಯಾನ್ ಹಾಕುವ ಸೆಟ್ಟಿಂಗ್) ಚೈನ್ ಅನ್ನು ಡಾಕರ್-ಯೂಸರ್ ಮಾಡಿ. ಪೋರ್ಟ್ ಕೂಡ ಕಂಟೇನರಿನ ಒಳಗಿನದು: 8080 ಅನ್ನು 80ಕ್ಕೆ ಜೋಡಿಸಿದ್ದರೆ 80. ವಿಳಾಸ ಬದಲಾದ ಮೇಲಷ್ಟೇ ಪ್ಯಾಕೆಟ್ ಆ ಚೈನ್‌ಗೆ ಬರುತ್ತದೆ.

ಬದಲಾವಣೆ ಮಾಡುವ ಮೊದಲು ನಿಮ್ಮ ಸ್ಥಿರ ಐಪಿಯನ್ನು ಇಗ್ನೋರ್‌ಐಪಿಗೆ (ಬ್ಯಾನ್ ಮಾಡಬಾರದ ವಿಳಾಸಗಳ ಪಟ್ಟಿ) ಸೇರಿಸಿ. ಆಮೇಲೆ ಬೇರೆ ಸಂಪರ್ಕದಿಂದ ಬೇಕೆಂದೇ 5 ಸಲ ತಪ್ಪು ಲಾಗಿನ್ ಮಾಡಿ, 6ನೆಯದು ಸರ್ವರ್ ತಲುಪುತ್ತದೆಯೇ ನೋಡಿ.