ಡೈನೋಸಾರ್‌ಗೆ ತಲೆ ಇಟ್ಟವರು ಯಾರು?

ಮ್ಯೂಸಿಯಮ್‌ನಲ್ಲಿ ಡೈನೋಸಾರ್ ಅಸ್ಥಿಪಂಜರದ ಮುಂದೆ ನಿಂತ ಮಕ್ಕಳು ಮೊದಲು ಕೇಳೋದೇ ‘ಇದು ನಿಜವಾದ ಮೂಳೆನಾ?’ ಅಂತ. ದೊಡ್ಡವರು ‘ಹೂಂ, ನಿಜದ್ದೇ’ ಅಂದು ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋಗುತ್ತಾರೆ. ಸರಿಯಾದ ಉತ್ತರ ಸ್ವಲ್ಪ ಉದ್ದ. ನಿಜವಾದ ಮೂಳೆ ಅಂದರೂ ಅದು ಖನಿಜ ತುಂಬಿ ಕಲ್ಲಾದ ಮೂಳೆ. ಪಕ್ಕದ್ದು ಪ್ಲಾಸ್ಟರ್ ಇರಬಹುದು. ಒಂದೇ ಪ್ರಾಣಿ ಅಂತ ಕಾಣೋದು ನಾಲ್ಕೈದು ಪ್ರಾಣಿಗಳ ಮೂಳೆ ಸೇರಿಸಿದ್ದಾಗಿರಬಹುದು. ಇನ್ನು ಅದು ನಿಂತಿರುವ ಭಂಗಿ ನೆಲದಲ್ಲಿ ಸಿಕ್ಕಿದ್ದಲ್ಲ. ಆಯಾ ಕಾಲದವರು ಕೂತು, ಜಗಳ ಆಡಿ, ತೀರ್ಮಾನ ಮಾಡಿದ್ದು.

ಈ ಕೆಲಸಕ್ಕೆ ಮೊದಲು ಕೈ ಹಾಕಿದವರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಇಂಗ್ಲಿಷ್ ಶಿಲ್ಪಿ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಕ್ಕೆ ಇವರು ಆಳೆತ್ತರ ಮೀರಿದ ಡೈನೋಸಾರ್ ಪ್ರತಿಮೆಗಳನ್ನು ಮಾಡಿಕೊಟ್ಟಿದ್ದರು. ಅವು ಇವತ್ತಿಗೂ ಅಲ್ಲಿವೆ. ಅದರಲ್ಲಿ ಇಗ್ವಾನೊಡಾನ್ ಅನ್ನೋದು ಘೇಂಡಾಮೃಗದ ಹಾಗೆ ನಾಲ್ಕು ಕಾಲಲ್ಲಿ ದಪ್ಪಗೆ ನಿಂತಿದೆ, ಮೂಗಿನ ಮೇಲೆ ಕೊಂಬು ಬೇರೆ. ಆಗ ಸಿಕ್ಕಿದ್ದು ಬಿಡಿ ಮೂಳೆ, ಹಲ್ಲು ಮತ್ತು ಒಂದು ಚೂಪಾದ ಮುಳ್ಳು. ಆ ಮುಳ್ಳನ್ನು ಎಲ್ಲಿ ಇಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಮೂಗಿನ ಮೇಲೆ ಇಟ್ಟರು.

ಆಮೇಲೆ ಹಾಕಿನ್ಸ್ ಅಮೆರಿಕಕ್ಕೆ ಹೋದರು. ಅಲ್ಲಿ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಊರಿನ ಒಂದು ಹೊಲದಲ್ಲಿ 1858ರಲ್ಲಿ ಹ್ಯಾಡ್ರೊಸಾರಸ್ ಎಂಬ ಡೈನೋಸಾರ್‌ನ ಮೂಳೆಗಳು ಸಿಕ್ಕಿದ್ದವು. ನಿಜ ಹೇಳಬೇಕೆಂದರೆ ಆ ಹೊಲದವರಿಗೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಕೆಲವು ಮೂಳೆ ಸಿಕ್ಕಿದ್ದವು. ಮನೆಗೆ ಬಂದ ನೆಂಟರಿಷ್ಟರು ಒಂದೊಂದಾಗಿ ಎತ್ತಿಕೊಂಡು ಹೋಗಿ ಖಾಲಿ ಮಾಡಿದ್ದರು! ಉಳಿದದ್ದನ್ನು ಅಗೆಸಿದವರು ವಿಲಿಯಂ ಫೌಲ್ಕ್, ಪರೀಕ್ಷೆ ಮಾಡಿದವರು ಜೋಸೆಫ್ ಲೈಡಿ. ಮುಂಗಾಲಿಗಿಂತ ಹಿಂಗಾಲು ತುಂಬ ಉದ್ದ ಇದ್ದದ್ದನ್ನು ನೋಡಿ, ಇದು ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದ ಪ್ರಾಣಿ ಅಂತ ಲೈಡಿ ಹೇಳಿದರು.

1868ರಲ್ಲಿ ಫಿಲಡೆಲ್ಫಿಯಾದ ನ್ಯಾಚುರಲ್ ಸೈನ್ಸಸ್ ಅಕಾಡೆಮಿಯಲ್ಲಿ ಹಾಕಿನ್ಸ್ ಅದನ್ನು ನಿಲ್ಲಿಸಿದರು. ಪ್ರಪಂಚದಲ್ಲಿ ಜನ ನೋಡಿದ ಮೊದಲ ನಿಂತ ಡೈನೋಸಾರ್ ಅಸ್ಥಿಪಂಜರ ಅದು. ಎಡಗಡೆಯ ಮೂಳೆ ಇದ್ದು ಬಲಗಡೆಯದ್ದು ಇಲ್ಲದಿದ್ದರೆ ಎಡದ್ದನ್ನೇ ನೋಡಿ ಪ್ಲಾಸ್ಟರ್‌ನಲ್ಲಿ ಬಲದ್ದು ಮಾಡಿದರು. ತಲೆಬುರುಡೆ ಸಿಕ್ಕಿರಲಿಲ್ಲ. ಇಗ್ವಾನಾ ಎಂಬ ದೊಡ್ಡ ಓತಿಯ ತಲೆಯನ್ನು ಮಾದರಿಯಾಗಿಟ್ಟುಕೊಂಡು ದೊಡ್ಡದಾಗಿ ಮಾಡಿ ಕೂರಿಸಿದರು. ಜನ ಎಷ್ಟು ನುಗ್ಗಿದರೆಂದರೆ, ನೂಕುನುಗ್ಗಲು ಕಡಿಮೆ ಮಾಡಲೆಂದೇ ಅಕಾಡೆಮಿ ಟಿಕೆಟ್ ಇಡಬೇಕಾಯಿತು. ಮೂಳೆಯನ್ನು ಕಪಾಟಿನಲ್ಲಿ ಇಟ್ಟರೆ ಪಂಡಿತರು ಬರುತ್ತಾರೆ, ನಿಲ್ಲಿಸಿದರೆ ಊರೇ ಬರುತ್ತದೆ ಅಂತ ಮ್ಯೂಸಿಯಮ್‌ಗಳಿಗೆ ಗೊತ್ತಾದದ್ದು ಆಗಲೇ.

ಇಗ್ವಾನೊಡಾನ್ ಮುಳ್ಳಿನ ಗುಟ್ಟು ಬಯಲಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರಿಗೆ 322 ಮೀಟರ್ ಆಳದಲ್ಲಿ ಏನೋ ಹೊಳೆಯಿತು. ಚಿನ್ನ ತುಂಬಿದ ಮರದ ದಿಮ್ಮಿ ಅಂದುಕೊಂಡರು. ಚಿನ್ನವಲ್ಲ, ಪೈರೈಟ್ ಎಂಬ ಹೊಳೆಯುವ ಖನಿಜ. ದಿಮ್ಮಿಯೂ ಅಲ್ಲ, ಮೂಳೆ. ಅಗೆದಾಗ ಮೂವತ್ತಕ್ಕೂ ಹೆಚ್ಚು ಇಗ್ವಾನೊಡಾನ್‌ಗಳು ಸಿಕ್ಕವು, ಎಷ್ಟೋ ಅಸ್ಥಿಪಂಜರ ಬಹುಪಾಲು ಪೂರ್ತಿಯಾಗಿಯೇ ಇದ್ದವು. ಮೂಗಿನ ಕೊಂಬು ಅಂದುಕೊಂಡದ್ದು ಹೆಬ್ಬೆರಳಿನ ಮುಳ್ಳು ಅಂತ ಆಗ ಖಚಿತವಾಯಿತು.

ಇವನ್ನು ನಿಲ್ಲಿಸಿದ ರೀತಿ ಕೇಳಬೇಕು. ಬ್ರಸೆಲ್ಸ್‌ನ ಒಂದು ಹಳೆಯ ಪ್ರಾರ್ಥನಾ ಮಂದಿರವನ್ನೇ ವರ್ಕ್‌ಶಾಪ್ ಮಾಡಿಕೊಂಡರು. ದೊಡ್ಡ ಅಟ್ಟಣೆ ಕಟ್ಟಿ, ಒಂದೊಂದು ಮೂಳೆಯನ್ನೂ ಹಗ್ಗದಲ್ಲಿ ಇಳಿಬಿಟ್ಟು, ಮೇಲೆ ಕೆಳಗೆ ಎಳೆದು ಜಾಗಕ್ಕೆ ತಂದರು. ಎಲ್ಲ ಸರಿ ಕಂಡ ಮೇಲೆ ಕಬ್ಬಿಣದ ಚೌಕಟ್ಟಿಗೆ ಬಿಗಿದರು. ಅಂದಾಜಿಗೆ ಪಕ್ಕದಲ್ಲಿ ಒಂದು ಕಾಂಗರೂ ಅಸ್ಥಿಪಂಜರ, ಒಂದು ಕ್ಯಾಸೊವರಿ ಹಕ್ಕಿಯ ಅಸ್ಥಿಪಂಜರ ಇಟ್ಟುಕೊಂಡಿದ್ದರು. ಹಾಗಾಗಿ ಇಗ್ವಾನೊಡಾನ್ ಕೂಡ ಕಾಂಗರೂ ತರಹ ಬಾಲ ಊರಿಕೊಂಡು ನೆಟ್ಟಗೆ ನಿಂತಿತು. ಮೊದಲನೆಯದು ಸಿದ್ಧವಾದದ್ದು 1882ರಲ್ಲಿ. ಲೂಯಿ ಡೊಲ್ಲೊ ಎಂಬ ವಿಜ್ಞಾನಿ ಇವುಗಳ ಅಧ್ಯಯನಕ್ಕೆ ವರ್ಷಗಟ್ಟಲೆ ಕೊಟ್ಟರು.

ತೊಂದರೆ ಗೊತ್ತಾದದ್ದು ನೂರು ವರ್ಷದ ನಂತರ. 1980ರಲ್ಲಿ ಡೇವಿಡ್ ನಾರ್ಮನ್ ಎಂಬ ಇಂಗ್ಲಿಷ್ ವಿಜ್ಞಾನಿ ಇವನ್ನು ಮತ್ತೆ ಪರೀಕ್ಷಿಸಿದರು. ಬಾಲದ ಮೂಳೆಗಳ ಪಕ್ಕದಲ್ಲಿ ಮೂಳೆಯಾಗಿ ಗಟ್ಟಿಯಾದ ಸ್ನಾಯುರಜ್ಜುಗಳಿದ್ದವು. ಅಂದರೆ ಆ ಬಾಲ ಕೋಲಿನ ಹಾಗೆ ಬಿಗಿ, ಕಾಂಗರೂ ಬಾಲದಂತೆ ಬಾಗಬೇಕಾದರೆ ಮುರಿಯಲೇಬೇಕು. ಹಾಗಾದರೆ ಸರಿಮಾಡಬಹುದಲ್ವಾ? ಆಗಲ್ಲ. ಗಣಿಯವರನ್ನು ಮೋಸ ಮಾಡಿದ ಅದೇ ಪೈರೈಟ್ ಗಾಳಿ ತಾಗಿದರೆ ಕೆಡುತ್ತದೆ, ಮೂಳೆ ಪುಡಿಯಾಗುತ್ತದೆ. ಬಿಚ್ಚಿ ಮತ್ತೆ ಕಟ್ಟುವಷ್ಟು ಶಕ್ತಿ ಅವಕ್ಕಿಲ್ಲ. ಬ್ರಸೆಲ್ಸ್‌ನಲ್ಲಿ ಅವು ಈಗಲೂ ಗಾಜಿನ ಕೋಣೆಯೊಳಗೆ ಹಳೆಯ ತಪ್ಪು ಭಂಗಿಯಲ್ಲೇ ನಿಂತಿವೆ. ನನ್ನನ್ನು ಕೇಳಿದರೆ ಹಾಗೇ ಇರಲಿ. ಸರಿಯಾದ ಭಂಗಿ ಬೇರೆ ಕಡೆ ಎಲ್ಲೆಲ್ಲೂ ಸಿಗುತ್ತದೆ, ಇಂಥ ತಪ್ಪು ನೋಡಲು ಸಿಗೋದು ಅಪರೂಪ.

ಈಗ ನಕಲಿನ ವಿಷಯ. ಇದರಲ್ಲಿ ದೊಡ್ಡ ಹೆಸರು ಆಂಡ್ರ್ಯೂ ಕಾರ್ನೆಗಿ, ಉಕ್ಕಿನ ಸಾಹುಕಾರ. ಅವರ ದುಡ್ಡಿನಲ್ಲಿ ಹೋದ ತಂಡಕ್ಕೆ 1899ರಲ್ಲಿ ವ್ಯೋಮಿಂಗ್‌ನಲ್ಲಿ ಡಿಪ್ಲೊಡೊಕಸ್ ಎಂಬ ಉದ್ದ ಕತ್ತಿನ ಡೈನೋಸಾರ್ ಸಿಕ್ಕಿತು. ಅದರ ಚಿತ್ರವನ್ನು ಕಾರ್ನೆಗಿ ತಮ್ಮ ಸ್ಕಾಟ್‌ಲೆಂಡ್ ಬಂಗಲೆಯಲ್ಲಿ ಇಟ್ಟಿದ್ದರು. ಅಲ್ಲಿಗೆ ಬಂದ ದೊರೆ ಏಳನೇ ಎಡ್ವರ್ಡ್ ಕಣ್ಣಿಗೆ ಅದು ಬಿತ್ತು, ನಮ್ಮಲ್ಲೂ ಇಂಥದ್ದೊಂದು ಬೇಕು ಅಂದರು. ಇದ್ದದ್ದನ್ನು ಕೊಟ್ಟರೆ ಪಿಟ್ಸ್‌ಬರ್ಗ್‌ನ ತಮ್ಮ ಮ್ಯೂಸಿಯಮ್‌ಗೆ ಏನು ಉಳಿಯುತ್ತದೆ? ಕಾರ್ನೆಗಿ ಪ್ರತಿ ಮೂಳೆಗೂ ಅಚ್ಚು ತೆಗೆಸಿ, ಪ್ಲಾಸ್ಟರ್ ಎರಕ ಹೊಯ್ಯಿಸಿದರು. 292 ಮೂಳೆಗಳ ನಕಲು 36 ಪೆಟ್ಟಿಗೆಗಳಲ್ಲಿ ಲಂಡನ್ನಿಗೆ ಹೋಯಿತು. 1905ರ ಮೇ 12ರಂದು ಅನಾವರಣ. ‘ಡಿಪ್ಪಿ’ ಅಂತ ಎಲ್ಲರೂ ಮುದ್ದಿನಿಂದ ಕರೆಯುವ ಡೈನೋಸಾರ್ ಇದೇ.

ತಮಾಷೆ ಏನೆಂದರೆ, ಪಿಟ್ಸ್‌ಬರ್ಗ್‌ನಲ್ಲಿ ಅದನ್ನು ನಿಲ್ಲಿಸುವಷ್ಟು ದೊಡ್ಡ ಹಾಲ್ ಇನ್ನೂ ಸಿದ್ಧವಾಗಿರಲಿಲ್ಲ. ಅಸಲಿ ನಿಂತದ್ದು 1907ರಲ್ಲಿ, ನಕಲಿ ಎದ್ದು ನಿಂತು ಎರಡು ವರ್ಷ ಆದ ಮೇಲೆ. ಆ ‘ಅಸಲಿ’ಯಾದರೂ ಒಂದೇ ಪ್ರಾಣಿಯದ್ದಲ್ಲ. ಹಲವು ಡಿಪ್ಲೊಡೊಕಸ್‌ಗಳ ಮೂಳೆ ಕೂಡಿಸಿದ್ದು, ಮುಂಗಾಲಿನ ಪಾದಗಳಂತೂ ಕ್ಯಾಮರಾಸಾರಸ್ ಎಂಬ ಬೇರೆಯೇ ಡೈನೋಸಾರ್‌ನದ್ದು. ಕಾರ್ನೆಗಿ ಆಮೇಲೆ ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಬೊಲೊನ್ಯಾ, ಸೇಂಟ್ ಪೀಟರ್ಸ್‌ಬರ್ಗ್, ಲಾ ಪ್ಲಾಟಾ, ಮ್ಯಾಡ್ರಿಡ್‌ಗಳಿಗೂ ನಕಲು ಕಳಿಸಿದರು. ಊರೂರಿನ ಜನ ಅದೇ ಪಾದಗಳನ್ನು ಬೆರಗಿನಿಂದ ನೋಡಿದರು.

ಡಿಪ್ಪಿಯ ಭಂಗಿಯ ಮೇಲೂ ಜಗಳವಾಯಿತು. ಇದು ಸರೀಸೃಪ ಅಲ್ವಾ, ಮೊಸಳೆಯ ಹಾಗೆ ಕಾಲು ಅಗಲಿಸಿ ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತು ಅಂತ ಅಮೆರಿಕದ ಆಲಿವರ್ ಹೇ, ಜರ್ಮನಿಯ ಗುಸ್ತಾಫ್ ಟೋರ್ನಿಯರ್ ವಾದಿಸಿದರು. ಕಾರ್ನೆಗಿ ಮ್ಯೂಸಿಯಮ್‌ನ ವಿಲಿಯಂ ಹಾಲೆಂಡ್ ಸುಮ್ನೆ ಬಿಡುವವರಲ್ಲ. ಆ ಭಂಗಿಯಲ್ಲಿ ಎದೆಗೂಡು ಪಾದಗಳಿಗಿಂತ ಕೆಳಗೆ ಬರುತ್ತದೆ, ಹೋದ ಕಡೆಯೆಲ್ಲ ಹೊಟ್ಟೆಗೆ ಒಂದು ಕಾಲುವೆ ಬೇಕಾಗುತ್ತದೆ ಅಂತ 1910ರಲ್ಲಿ ಲೇವಡಿ ಮಾಡಿದರು.

ಅದೇ ಹಾಲೆಂಡ್ ತಲೆಯ ವಿಷಯದಲ್ಲಿ ಸೋತರು. ಪಿಟ್ಸ್‌ಬರ್ಗ್‌ಗೆ ಬಂದ ಅಪಾಟೊಸಾರಸ್ ಎಂಬ ಇನ್ನೊಂದು ಡೈನೋಸಾರ್‌ನ ಮೂಳೆಗಳ ಹತ್ತಿರವೇ, ಡಿಪ್ಲೊಡೊಕಸ್‌ನಂಥ ಉದ್ದ ಮೂತಿಯ ತಲೆಬುರುಡೆ ಸಿಕ್ಕಿತ್ತು. ಇದರದ್ದೇ ತಲೆ ಅಂತ ಅವರಿಗೆ ಅನ್ನಿಸಿತು. ಆದರೆ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಮ್ 1905ರಲ್ಲೇ ತನ್ನ ‘ಬ್ರಾಂಟೊಸಾರಸ್’ಗೆ (ಅಪಾಟೊಸಾರಸ್‌ಗೆ ಆಗ ಅಲ್ಲಿದ್ದ ಹೆಸರು) ಮೊಂಡು ಮೂತಿಯ ತಲೆಯೊಂದನ್ನು ಅಂದಾಜಿನಲ್ಲಿ ಮಾಡಿ ಕೂರಿಸಿತ್ತು, ಅಲ್ಲಿನ ಹೆನ್ರಿ ಆಸ್ಬಾರ್ನ್ ದೊಡ್ಡ ಮನುಷ್ಯ. ಎದುರು ಹೋಗಲು ಮನಸ್ಸಾಗದೆ, ಒಪ್ಪಲೂ ಆಗದೆ, ಹಾಲೆಂಡ್ ತಮ್ಮ ಡೈನೋಸಾರ್‌ಗೆ ತಲೆಯನ್ನೇ ಇಡಲಿಲ್ಲ. ಅವರು ತೀರಿಕೊಳ್ಳುವ ತನಕ, ಅಂದರೆ 1932ರವರೆಗೂ, ಅದು ತಲೆ ಇಲ್ಲದೆಯೇ ನಿಂತಿತ್ತು. ಆಮೇಲೆ ಬಂದವರು ಮೊಂಡು ಮೂತಿಯನ್ನೇ ಕೂರಿಸಿದರು. 1970ರ ದಶಕದಲ್ಲಿ ಜಾನ್ ಮ್ಯಾಕಿಂಟಾಶ್ ಮತ್ತು ಡೇವಿಡ್ ಬರ್ಮನ್ ಹಳೆಯ ಕಾಗದಪತ್ರ ತೆಗೆದು ನೋಡಿ, ಹಾಲೆಂಡ್ ಹೇಳಿದ್ದೇ ಸರಿ ಅಂತ ತೋರಿಸಿಕೊಟ್ಟರು. 1979ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತಲೆ ಬದಲಾಯಿಸಿದರು.

ಆ ಹೊತ್ತಿಗೆ ಬಾಲಗಳೂ ಮೇಲೇಳುತ್ತಿದ್ದವು. ಹೆಜ್ಜೆಗುರುತುಗಳ ಪಳೆಯುಳಿಕೆಯಲ್ಲಿ ಬಾಲ ಎಳೆದ ಗೆರೆ ಹುಡುಕಿದರೂ ಸಿಗೋದು ಕಡಿಮೆ. 1969ರಲ್ಲಿ ಜಾನ್ ಆಸ್ಟ್ರಮ್ ಡೈನೊನಿಕಸ್ ಎಂಬ ಚುರುಕಾದ ಬೇಟೆಗಾರ ಡೈನೋಸಾರ್ ಬಗ್ಗೆ ಬರೆದ ಮೇಲೆ, ಡೈನೋಸಾರ್ ಎಂದರೆ ಸೋಮಾರಿ ಹಲ್ಲಿ ಎಂಬ ನಂಬಿಕೆ ಅಲುಗಾಡಿತು. 1993ರಲ್ಲಿ ಲಂಡನ್ನಿನ ಡಿಪ್ಪಿಯ ಬಾಲವನ್ನು ನೆಲದಿಂದ ಎತ್ತಿ ಗಾಳಿಯಲ್ಲಿ ಚಾಚಿದರು. ಎರಡು ವರ್ಷದಲ್ಲಿ ನ್ಯೂಯಾರ್ಕ್‌ನ ಟಿ. ರೆಕ್ಸ್ ಕೂಡ 1915ರಿಂದ ನೆಟ್ಟಗೆ ನಿಂತಿದ್ದದ್ದು ಬೆನ್ನು ಅಡ್ಡ ಮಾಡಿ, ತಲೆ ತಗ್ಗಿಸಿ ನಡೆಯುವ ಭಂಗಿಗೆ ಬಂತು.

ಇಂದು ಅಸಲಿ ಮೂಳೆ ನಿಲ್ಲಿಸುವವರು ಅದರಲ್ಲಿ ತೂತು ಕೊರೆಯಲ್ಲ. ಹಿಂದಿನವರು ಕೊರೆದು ಸರಳು ತೂರಿಸುತ್ತಿದ್ದರು. ಈಗ ಪ್ರತಿ ಮೂಳೆಗೂ ಅದರ ಆಕಾರಕ್ಕೆ ಬಗ್ಗಿಸಿದ ಲೋಹದ ಹಿಡಿಕೆ ಮಾಡುತ್ತಾರೆ, ಅಧ್ಯಯನಕ್ಕೆ ಬೇಕಾದಾಗ ಒಂದನ್ನೇ ಬಿಡಿಸಿಕೊಳ್ಳಬಹುದು. ಷಿಕಾಗೋದ ಫೀಲ್ಡ್ ಮ್ಯೂಸಿಯಮ್‌ನ ‘ಸೂ’ ಎಂಬ ಟಿ. ರೆಕ್ಸ್ ಬಹುಪಾಲು ನಿಜವಾದ ಮೂಳೆಯದ್ದು. ತಲೆಬುರುಡೆ ಮಾತ್ರ 270 ಕಿಲೋ ಹತ್ತಿರ ತೂಗುತ್ತದೆ. ಹಾಗಾಗಿ ಕತ್ತಿನ ಮೇಲೆ ಹಗುರವಾದ ನಕಲು, ನಿಜವಾದದ್ದು ಬೇರೆ ಗಾಜಿನ ಪೆಟ್ಟಿಗೆಯಲ್ಲಿ. ನೋಡಲು ಹೋದವರು ಆ ಪೆಟ್ಟಿಗೆ ಬಿಟ್ಟು ಬರಬಾರದು.

ನಮ್ಮ ಕಡೆ ಏನಿದೆ? ಕರ್ನಾಟಕದಲ್ಲಿ ಡೈನೋಸಾರ್ ಮೂಳೆ ಹುಡುಕೋದು ಕಷ್ಟ. ರಾಜ್ಯದ ಹೆಚ್ಚಿನ ಬಂಡೆಗಳು ಡೈನೋಸಾರ್‌ಗಳಿಗಿಂತ ನೂರಾರು ಕೋಟಿ ವರ್ಷ ಹಳೆಯವು, ಲಾಲ್‌ಬಾಗ್ ಬಂಡೆಯೂ ಅಂಥದ್ದೇ. ಬೀದರ್, ವಿಜಯಪುರದ ಕಡೆ ಇರುವ ಕಪ್ಪು ಕಲ್ಲು ಸರಿಸುಮಾರು ಡೈನೋಸಾರ್ ಕಾಲದ ಕೊನೆಯದ್ದು, ಆದರೆ ಅದು ಲಾವಾ. ಮೂಳೆ ಉಳಿಯಲು ಹೂಳು ಬೇಕು.

ಆ ಹೂಳು ಗೋದಾವರಿ ಕಣಿವೆಯಲ್ಲಿತ್ತು. ಅಂಕಿಅಂಶ ವಿಜ್ಞಾನಿ ಮಹಾಲನೋಬಿಸ್ ಅವರು ತಾವು ಕಟ್ಟಿದ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಲಂಡನ್ನಿನ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್‌ಸನ್ ಅವರನ್ನು ಕರೆಸಿ ಪಳೆಯುಳಿಕೆ ಕೆಲಸ ಶುರುಮಾಡಿಸಿದ್ದರು. ಅಂಕಿಅಂಶದ ಸಂಸ್ಥೆಗೆ ಡೈನೋಸಾರ್ ಯಾಕೆ ಅಂತ ಕೇಳಬಹುದು, ಮಹಾಲನೋಬಿಸ್ ಆಸಕ್ತಿಗೆ ಬೇಲಿ ಇರಲಿಲ್ಲ. ಆ ತಂಡ ಮಹಾರಾಷ್ಟ್ರ-ತೆಲಂಗಾಣ ಗಡಿಯಲ್ಲಿ ಸುಮಾರು 300 ಮೂಳೆ ಅಗೆದು ತೆಗೆಯಿತು. ಒಂದು ತೊಡೆಮೂಳೆಯೇ 1.7 ಮೀಟರ್ ಉದ್ದ, ನಮ್ಮಲ್ಲಿ ಎಷ್ಟೋ ಜನರಿಗಿಂತ ಜಾಸ್ತಿ. ಅಗೆತ ನಡೆದ 1961 ಟ್ಯಾಗೋರ್ ಜನ್ಮಶತಮಾನೋತ್ಸವದ ವರ್ಷವಾದ್ದರಿಂದ ಆ ಡೈನೋಸಾರ್‌ಗೆ ಬಾರಾಪಾಸಾರಸ್ ಟ್ಯಾಗೋರೈ ಎಂಬ ಹೆಸರು ಬಂತು. 1975ರಲ್ಲಿ ಪ್ರಕಟವಾಯಿತು. ಅದು ಕೋಲ್ಕತ್ತದ ಆ ಸಂಸ್ಥೆಯ ಮ್ಯೂಸಿಯಮ್‌ನಲ್ಲಿ ನಿಂತಿದೆ. ಅದೂ ಹಲವು ಪ್ರಾಣಿಗಳ ಮೂಳೆ ಕೂಡಿಸಿದ್ದೇ.

ನಮಗೆ ಹತ್ತಿರದ್ದು ಹೈದರಾಬಾದ್. ಅಲ್ಲಿನ ಬಿರ್ಲಾ ಸೈನ್ಸ್ ಸೆಂಟರ್‌ನಲ್ಲಿ ಅದೇ ಕಣಿವೆಯ ಕೋಟಾಸಾರಸ್ ಇದೆ. ತೆಲಂಗಾಣದ ಯಾಮನಪಲ್ಲಿ ಬಳಿ ಸಿಕ್ಕಿದ್ದು, 1988ರಲ್ಲಿ ಹೆಸರು ಪಡೆದದ್ದು. ಹನ್ನೆರಡು ಪ್ರಾಣಿಗಳ 840 ಮೂಳೆ ಸಿಕ್ಕಿದ್ದವು. ಬಾರಾಪಾಸಾರಸ್‌ಗೂ ಕೋಟಾಸಾರಸ್‌ಗೂ ಹಲ್ಲುಗಳೇನೋ ಸಿಕ್ಕಿವೆ, ತಲೆಬುರುಡೆ ಇನ್ನೂ ಸಿಕ್ಕಿಲ್ಲ. ಅಲ್ಲಿಗೆ ಹೋದರೆ ಬಾಲದಿಂದ ಶುರುಮಾಡಿ ಬೆನ್ನು, ಕತ್ತಿನವರೆಗೆ ನಿಧಾನವಾಗಿ ನೋಡಿ. ಕತ್ತು ಮುಗಿದ ಮೇಲೆ ಕಾಣೋದು ನಮ್ಮವರ ಅಂದಾಜು.