ಸುರಂಗದೊಳಗಿನ ಹೆಬ್ಬೆರಳು

ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ನಗರದ ವಿ.ಟಿ. ನಿಲ್ದಾಣಕ್ಕೆ ದಿನವೂ ಫಾಸ್ಟ್ ಲೋಕಲ್ ರೈಲು ಹಿಡಿದು ನೌಕರಿ ಮಾಡಿದ ನನ್ನಂಥವರಿಗೆ ಪಾರಸಿಕ್ ಸುರಂಗ ಮನೆಯ ಪಡಸಾಲೆಯಷ್ಟೇ ಪರಿಚಿತ. 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಆ ಸುರಂಗದೊಳಗೆ ಗಾಡಿ ನುಗ್ಗಿದೊಡನೆ ಮೊಬೈಲಿನ ಸಿಗ್ನಲ್ ಸತ್ತುಹೋಗುತ್ತಿತ್ತು. ನಿಂತವರ, ಕುಳಿತವರ ಕೈಯಲ್ಲಿದ್ದ ಪರದೆಗಳ ಮೇಲೆ ಚಿಕ್ಕದೊಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು. ಸುರಂಗ ದಾಟುವವರೆಗೆ ಹೊಸದೇನೂ ಬರಲಾರದೆಂಬುದು ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದ ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಹೆಬ್ಬೆರಳುಗಳು ಪರದೆಯನ್ನು ಕೆಳಗೆ ಜಗ್ಗಿ ಬಿಡುವುದನ್ನು, ಮತ್ತೆ ಜಗ್ಗಿ ಬಿಡುವುದನ್ನು ನಿಲ್ಲಿಸುತ್ತಿರಲಿಲ್ಲ. 2022ರಲ್ಲಿ ಹೊಸ ಹಳಿಗಳು ಬಂದ ಮೇಲೆ ಫಾಸ್ಟ್ ಲೋಕಲ್‌ಗಳು ಆ ಸುರಂಗವನ್ನು ಬಿಟ್ಟು ಬೇರೆ ದಾರಿ ಹಿಡಿದವು. ಯಾರೂ ಏರ್ಪಡಿಸದೆ ದಿನಕ್ಕೆ ನೂರಾರು ಬಾರಿ ನಡೆಯುತ್ತಿದ್ದ ಒಂದು ಒಳ್ಳೆಯ ಪ್ರಯೋಗ ಅಲ್ಲಿಗೆ ನಿಂತಿತು.

ಅದನ್ನು ಪ್ರಯೋಗವೆಂದು ಕರೆಯಲು ಕಾರಣವಿದೆ. ಮೊಬೈಲಿನಲ್ಲಿ ಸಿಗುವ ಸರಕು ರುಚಿಕರವಾಗಿರುವುದರಿಂದಲೇ ನಾವು ಅದಕ್ಕೆ ಅಂಟಿಕೊಂಡಿದ್ದೇವೆಂಬುದು ಸಾಮಾನ್ಯ ತಿಳಿವಳಿಕೆ. ಹಾಗಿದ್ದರೆ ಸರಕು ನಿಂತೊಡನೆ ಕೈಯೂ ನಿಲ್ಲಬೇಕಿತ್ತು. ಬಾವಿ ಬತ್ತಿದೆಯೆಂದು ತಿಳಿದ ಮೇಲೂ ಕೊಡ ಇಳಿಬಿಡುತ್ತಲೇ ಇರುವವನನ್ನು ನಡೆಸುತ್ತಿರುವುದು ಬಾಯಾರಿಕೆಯೊಂದೇ ಆಗಿರಲಾರದು.

ನನ್ನ ತಂಗಿಯ ಮಗ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಒಂದು ಶನಿವಾರ ನಮ್ಮ ಮನೆಗೆ ಬಂದವನು, "ಮಾವ, ನಾಳೆ ನನಗೆ ಡೋಪಮೈನ್ ಉಪವಾಸ. ಮೊಬೈಲಿಲ್ಲ, ಟಿ.ವಿ.ಯಿಲ್ಲ, ಹಾಡೂ ಇಲ್ಲ. ಮೆದುಳಿನಲ್ಲಿ ಸೇರಿಕೊಂಡಿರುವುದೆಲ್ಲ ಒಂದೇ ದಿನದಲ್ಲಿ ತೊಳೆದುಹೋಗುತ್ತದೆ" ಎಂದು ಘೋಷಿಸಿದ. ಏಕಾದಶಿಯನ್ನು ಕಂಡ ಮನೆಯಲ್ಲಿ ಬೆಳೆದ ನನಗೆ ದ್ವಾದಶಿಯ ಪಾರಣೆಯೂ ಗೊತ್ತಿತ್ತು. ಭಾನುವಾರ ರಾತ್ರಿ ಹನ್ನೆರಡು ಹೊಡೆದದ್ದೇ ತಡ, ಅವನ ಪಾರಣೆ ಶುರುವಾಗಿ ಬೆಳಗಿನ ಮೂರರವರೆಗೆ ನಡೆಯಿತು. ಹುಡುಗನ ಸಂಕಲ್ಪದ ಬಗ್ಗೆ ನನಗೆ ಗೌರವವಿದೆ. ಆದರೆ ಮೆದುಳು ತಾನೇ ತಯಾರಿಸುವ ಡೋಪಮೈನ್ ಎಂಬ ರಾಸಾಯನಿಕವು ದೇಹದಲ್ಲಿ ಕೂಡಿಕೊಳ್ಳುವ ಕೊಳೆ, ಅದನ್ನು ಉಪವಾಸದಿಂದ ಹೊರಹಾಕಬಹುದು ಎಂಬ 2019ರ ಸುಮಾರಿಗೆ ಅಮೆರಿಕದಲ್ಲಿ ಹಬ್ಬಿದ ನಂಬಿಕೆ, ಗ್ರಹಣದ ದಿನ ಅಡುಗೆಯ ಮೇಲೆ ದರ್ಭೆ ಹಾಕುವುದಕ್ಕಿಂತ ಹೆಚ್ಚು ವೈಜ್ಞಾನಿಕವೇನಲ್ಲ.

ಈ ಪದಾರ್ಥದ ಚರಿತ್ರೆಯಲ್ಲಿ ಮುಂಬಯಿಗೂ ಒಂದು ಪಾಲಿದೆಯೆಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸರ್ಪಗಂಧದ ಬೇರನ್ನು ನಮ್ಮ ನಾಟಿವೈದ್ಯರು ಹುಚ್ಚಿಗೂ ನಿದ್ರಾಹೀನತೆಗೂ ಕೊಡುತ್ತಿದ್ದರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಅವರು ಆ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದಯವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಕಣ್ಣು ಆ ಗಿಡದ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಇದೇ ರಿಸರ್ಪಿನ್ನನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು, ಅಲುಗಾಡದೆ ಕುಳಿತುಬಿಟ್ಟವು. ಆ ಬಳಿಕ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. 1957ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಆರಂಭವಾದ ದಾರಿ, ಡೋಪಮೈನ್ ಮೆದುಳಿನ ಸಂದೇಶವಾಹಕ ಎಂಬ ತಿಳಿವಿಗೂ 2000ದ ನೊಬೆಲ್ ಪ್ರಶಸ್ತಿಗೂ ತಲುಪಿತು. ದೇಹ ಡೋಪಮೈನ್ ತಯಾರಿಸುವುದೇ ಎಲ್-ಡೋಪಾದಿಂದ. ತಾಗಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿಯ ಬೀಜದಲ್ಲಿ ಅದು ಇದೆಯೆಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಭಾರತೀಯರು 1937ರಲ್ಲೇ ತೋರಿಸಿಕೊಟ್ಟಿದ್ದರು.

ರಿಸರ್ಪಿನ್ನಿನಿಂದ ಡೋಪಮೈನ್ ಬರಿದಾದ ಆ ಮೊಲಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಡೋಪಮೈನ್ ಬರಿದಾದ ಸ್ಥಿತಿಯೆಂದರೆ ಋಷಿಯ ಸಮಾಧಿಯಲ್ಲ; ಪಾರ್ಕಿನ್ಸನ್ ಕಾಯಿಲೆಯವರ ಕೈಕಾಲು ಬಿಗಿಯುವುದು ಮೆದುಳಿನ ಒಂದು ಭಾಗದಲ್ಲಿ ಅದನ್ನು ತಯಾರಿಸುವ ಕೋಶಗಳು ಸಾಯುವುದರಿಂದ. ನನ್ನ ಸೋದರಳಿಯನ ಉಪವಾಸ ನಿಜವಾಗಿಯೂ ಫಲಿಸಿದ್ದರೆ ಅವನು ಸೋಮವಾರ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ.

ಹಾಗಾದರೆ ಅದರ ಕೆಲಸವೇನು? ಈ ಪ್ರಶ್ನೆಗೆ ಸಿಕ್ಕ ಉತ್ತರ ಎಷ್ಟು ಸೊಗಸಾಗಿದೆಯೆಂದರೆ, ಅದನ್ನು ಓದಿದ ದಿನ ನಾನು ಇಳಿಯಬೇಕಾದ ನಿಲ್ದಾಣವನ್ನೇ ಮರೆತಿದ್ದೆ. ವುಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಕೋಶಗಳ ಮಿಡಿತವನ್ನು ಕೂದಲೆಳೆಯಂಥ ತಂತಿಗಳಿಂದ ಅಳೆಯುತ್ತಿದ್ದರು. ಕೋತಿಗೆ ಇದ್ದಕ್ಕಿದ್ದಂತೆ ಹಣ್ಣಿನ ರಸದ ಹನಿ ಸಿಕ್ಕಿದಾಗ ಆ ಕೋಶಗಳು ಜೋರಾಗಿ ಮಿಡಿದವು. ಪ್ರತಿ ಸಲವೂ ರಸಕ್ಕೆ ಮೊದಲು ಒಂದು ಸೂಚನೆ ಕೊಡುವುದನ್ನು ರೂಢಿ ಮಾಡಿದ ಮೇಲೆ ಮಿಡಿತ ಸೂಚನೆಯ ಕ್ಷಣಕ್ಕೆ ಜಾರಿತು, ರಸ ಬಂದಾಗ ಕೋಶಗಳು ತೆಪ್ಪಗಿದ್ದವು. ಸೂಚನೆ ಕೊಟ್ಟೂ ರಸ ಕೊಡದಿದ್ದರೆ, ರಸ ಬರಬೇಕಾಗಿದ್ದ ಸರಿಯಾದ ಹೊತ್ತಿಗೆ ಮಿಡಿತ ಎಂದಿಗಿಂತ ಕೆಳಗೆ ಕುಸಿಯಿತು. 1997ರಲ್ಲಿ ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯೂ ಅವರೊಂದಿಗೆ ಶುಲ್ಟ್ಸ್ ಮಂಡಿಸಿದ ವಿವರಣೆಯ ಪ್ರಕಾರ ಈ ಕೋಶಗಳು ಸುಖವನ್ನು ಅಳೆಯುತ್ತಿಲ್ಲ, ನಿರೀಕ್ಷೆಗೂ ಪ್ರಾಪ್ತಿಗೂ ನಡುವಿನ ವ್ಯತ್ಯಾಸವನ್ನು ಅಳೆಯುತ್ತಿವೆ.

ಆ ಮೂರು ಫಲಿತಾಂಶಗಳಿಗೂ ಕನ್ನಡದಲ್ಲಿ ಮೊದಲೇ ಗಾದೆಗಳಿವೆ. ನೆನೆಸದೆ ಸಿಕ್ಕ ರಸ, ಹುಡುಕುವ ಬಳ್ಳಿ ಕಾಲಿಗೆ ತೊಡರಿದ ಸಂಭ್ರಮ. ಬಂದೇ ಬರುವ ರಸಕ್ಕೆ ಬೆಲೆಯಿಲ್ಲದಿರುವುದು, ಹಿತ್ತಲ ಗಿಡ ಮದ್ದಲ್ಲ ಎಂಬ ಅಸಡ್ಡೆ. ತಪ್ಪಿಹೋದ ರಸವಂತೂ ಕೈಗೆ ಬಂದ ತುತ್ತು ಬಾಯಿಗೆ ಬಾರದ ಪರಿತಾಪವೇ ಸರಿ. ಮಾಟುಂಗದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಯಜಮಾನರನ್ನು ನೋಡಿ: ದಿನದ ವ್ಯಾಪಾರ ಎಂದಿನಷ್ಟೇ ಆಗುತ್ತಿದ್ದರೆ ಅವರು ತಲೆಯೆತ್ತುವುದಿಲ್ಲ, ಅಂದಾಜಿಗಿಂತ ಏರಿದರೂ ಇಳಿದರೂ ಕನ್ನಡಕ ಸರಿಮಾಡಿಕೊಂಡು ಅಡುಗೆಮನೆಯ ಕಡೆ ನೋಡುತ್ತಾರೆ. ಡೋಪಮೈನ್ ಆ ತಲೆಯೆತ್ತುವಿಕೆ, ಗಲ್ಲೆಯೊಳಗಿನ ದುಡ್ಡಲ್ಲ.

ಈಗ ಒಂದು ಹೆಜ್ಜೆ ಮುಂದೆ ಹೋಗೋಣ. ರಸ ಬರುವುದೋ ಬಾರದೋ ಎಂಬುದು ಖಚಿತವಿಲ್ಲದಿದ್ದರೆ ಏನಾಗುತ್ತದೆ? 2003ರಲ್ಲಿ ಶುಲ್ಟ್ಸ್ ತಂಡ ಅದನ್ನೂ ಅಳೆಯಿತು. ಸೂಚನೆಗೂ ಫಲಿತಾಂಶಕ್ಕೂ ನಡುವೆ ಕಾಯುವ ಹೊತ್ತಿನಲ್ಲಿ ಕೋಶಗಳ ಮಿಡಿತ ಮೆಲ್ಲನೆ ಏರುತ್ತ ಹೋಗುತ್ತದೆ, ಬರುವ ಮತ್ತು ಬಾರದಿರುವ ಸಾಧ್ಯತೆಗಳು ಸರಿಸಮವಾಗಿದ್ದಾಗ ಆ ಏರಿಕೆ ಎಲ್ಲಕ್ಕಿಂತ ಹೆಚ್ಚು. ಮುಂಬಯಿಯ ಗಿರಣಿಗಳ ಕಾಲದ ಮಟ್ಕಾ ಈ ಸತ್ಯದ ಮೇಲೆಯೇ ನಿಂತಿತ್ತು. ಮೊದಲು ನ್ಯೂಯಾರ್ಕಿನ ಹತ್ತಿಪೇಟೆಯಿಂದ ಬರುವ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಪಣ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಅಂಕಿಗಳನ್ನು ಇಲ್ಲಿಯೇ ಎತ್ತುವ ಪದ್ಧತಿ ಬಂದರೂ ‘ಓಪನ್’, ‘ಕ್ಲೋಸ್’ ಎಂಬ ಎರಡು ಹಂತಗಳು ಉಳಿದುಕೊಂಡವು. ಗೆಲುವಿನ ಹಣಕ್ಕಿಂತ ಓಪನ್‌ಗೂ ಕ್ಲೋಸ್‌ಗೂ ನಡುವಿನ ಆ ಕಾಯುವಿಕೆಯೇ ಆಟಗಾರನನ್ನು ಮರುದಿನ ಮತ್ತೆ ಕರೆತರುತ್ತಿತ್ತೆಂಬುದು ನನ್ನ ಊಹೆ. ಗೋವೆಯ ಜೆಟ್ಟಿಗಳ ಮೇಲೆ ಗಾಳ ಹಾಕಿ ಕುಳಿತವನೂ ಇದೇ ಜಾತಿ: ಹಾಕಿದಾಗಲೆಲ್ಲ ಮೀನು ಬೀಳುವಂತಿದ್ದರೆ ಅದು ಬರಿಯ ಕೂಲಿಯಾಗುತ್ತಿತ್ತು, ಎಂದೂ ಬೀಳದಿದ್ದರೆ ಅವನು ಮನೆಗೆ ಹೋಗುತ್ತಿದ್ದ.

ವರ್ತನೆಯ ಕಡೆಯಿಂದ ಇದೇ ನಿಯಮವನ್ನು ಅಮೆರಿಕದ ಬಿ.ಎಫ್. ಸ್ಕಿನ್ನರ್ ಬಹಳ ಮೊದಲೇ ಕಂಡಿದ್ದರು. ಎಷ್ಟು ಬಾರಿ ಕುಟುಕಿದರೆ ಕಾಳು ಬೀಳುತ್ತದೆಂಬುದು ಪ್ರತಿ ಸಲವೂ ಬದಲಾಗುತ್ತಿದ್ದರೆ ಪಾರಿವಾಳ ಬಿಡುವಿಲ್ಲದೆ ಕುಟುಕುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಅವರದೇ 1948ರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಪ್ರಿಯ. ಹಕ್ಕಿ ಏನೇ ಮಾಡಲಿ, ಬಿಡಲಿ, ನಿಗದಿತ ಅಂತರದಲ್ಲಿ ಕಾಳು ಬೀಳುವಂತೆ ಮಾಡಿದಾಗ ಎಂಟರಲ್ಲಿ ಆರು ಪಾರಿವಾಳಗಳು ತಮ್ಮ ತಮ್ಮ ಆಚರಣೆಗಳನ್ನು ಕಟ್ಟಿಕೊಂಡವು. ಒಂದು ಹಕ್ಕಿ ಗೂಡಿನಲ್ಲಿ ಅಪ್ರದಕ್ಷಿಣೆ ಹಾಕುತ್ತಿತ್ತು, ಇನ್ನೊಂದು ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಸ್ಕಿನ್ನರ್ ಅದನ್ನು ಮೂಢನಂಬಿಕೆಯೆಂದೇ ಕರೆದರು. ಪಾರಸಿಕ್ ಸುರಂಗದ ಹೆಬ್ಬೆರಳಿಗೂ ಈ ಆರು ಹಕ್ಕಿಗಳಿಗೂ ವ್ಯತ್ಯಾಸ ಬಹಳವಿಲ್ಲ: ಗಾಡಿ ಸುರಂಗದಿಂದ ಹೊರಬಿದ್ದೊಡನೆ ಸಿಗ್ನಲ್ ತಾನಾಗಿ ಬರುತ್ತಿತ್ತು, ಆದರೆ ಅದರ ಕೀರ್ತಿ ಸಲ್ಲುತ್ತಿದ್ದದ್ದು ಅದಕ್ಕೆ ಮುಂಚಿನ ಕೊನೆಯ ಜಗ್ಗಿಗೆ.

ಹಾಗೆ ಜಗ್ಗುವ ಸೌಲಭ್ಯವನ್ನು ರೂಪಿಸಿದವರು ಲೊರೆನ್ ಬ್ರಿಕ್ಟರ್. ಕೆಳಗೆ ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜ಼ಾ ರಾಸ್ಕಿನ್ ಆ ಬಗ್ಗೆ ಬಹಿರಂಗವಾಗಿ ವಿಷಾದಿಸಿದ್ದಾರೆ. ಬೆಳಗಿನ ಪತ್ರಿಕೆಗೆ ಕೊನೆಯ ಪುಟವೊಂದಿತ್ತು. ಅಲ್ಲಿಗೆ ತಲುಪಿದವನು ಮಡಚಿಟ್ಟು ಸ್ನಾನಕ್ಕೆ ಹೋಗುತ್ತಿದ್ದ.

ಇದರಿಂದಾಗುವ ನಷ್ಟದ ಲೆಕ್ಕದಲ್ಲಿಯೂ ಜನ ಎಡವುತ್ತಾರೆ. ಮನುಷ್ಯನ ಗಮನ ಎಂಟು ಸೆಕೆಂಡಿಗೆ ಇಳಿದಿದೆ, ಗಾಜಿನ ತೊಟ್ಟಿಯ ಬಂಗಾರದ ಮೀನಿನದ್ದು ಒಂಬತ್ತು ಸೆಕೆಂಡು ಎಂಬ ಮಾತು 2015ರಿಂದ ಭಾಷಣಗಳಲ್ಲಿ ಓಡಾಡುತ್ತಿದೆ. ಅದರ ಮೂಲ ಹುಡುಕಿದವರಿಗೆ ಯಾವ ಪ್ರಯೋಗವೂ ಸಿಕ್ಕಿಲ್ಲ, ಮೀನಿನ ನೆನಪಂತೂ ವಾರಗಟ್ಟಲೆ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ನಿಜವಾಗಿ ಅಳೆದದ್ದು, ಜನ ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆಂಬುದನ್ನು: 2004ರ ಸುಮಾರಿಗೆ ಸರಾಸರಿ ಎರಡೂವರೆ ನಿಮಿಷವಿದ್ದದ್ದು ಇತ್ತೀಚಿನ ವರ್ಷಗಳಲ್ಲಿ 47 ಸೆಕೆಂಡಿನ ಆಸುಪಾಸಿಗೆ ಬಂದಿದೆ. ಇದು ಶಕ್ತಿಯ ಕುಸಿತವಲ್ಲ, ರೂಢಿಯ ಬದಲಾವಣೆ. ಹಾಗೆ ಜಿಗಿದಾಗಲೆಲ್ಲ ಹಿಂದಿನ ಕೆಲಸದ ಗಸಿ ಮನಸ್ಸಿನ ತಳದಲ್ಲಿ ಉಳಿದು ಮುಂದಿನದನ್ನು ಕದಡುತ್ತದೆಂಬುದನ್ನು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ.

ಕಾರಣ ಅನಿಶ್ಚಿತತೆಯೇ ಆಗಿದ್ದರೆ ಪರಿಹಾರವೂ ಅಲ್ಲಿಯೇ ಇರಬೇಕು. ನಮ್ಮ ಡಬ್ಬಾವಾಲಾರನ್ನೇ ತೆಗೆದುಕೊಳ್ಳಿ. ಬುತ್ತಿ ಊಟದ ಹೊತ್ತಿಗೆ ಸರಿಯಾಗಿ ಬರುತ್ತದೆಂದು ತಿಳಿದಿರುವ ಕಚೇರಿಯ ಗುಮಾಸ್ತ ಹತ್ತು ಗಂಟೆಯಿಂದಲೇ ಬಾಗಿಲ ಕಡೆ ನೋಡುವುದಿಲ್ಲ, ಹಸಿವೆಯಿದ್ದರೂ ನೋಡುವುದಿಲ್ಲ. ಅದೇ ಬುತ್ತಿಯ ತುತ್ತುಗಳನ್ನು ಒಂದೊಂದಾಗಿ, ಮನಬಂದ ಹೊತ್ತಿನಲ್ಲಿ ತಂದುಕೊಡುವ ವ್ಯವಸ್ಥೆಯಿದ್ದರೆ ಅವನು ದಿನವಿಡೀ ಬಾಗಿಲಲ್ಲೇ ನಿಂತಿರುತ್ತಿದ್ದ. ಮೊಬೈಲಿನ ಟಿಣ್ ಎನ್ನುವ ಸೂಚನೆಗಳು ಮಾಡುತ್ತಿರುವುದು ಇದನ್ನೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 237 ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಸೂಚನೆಗಳನ್ನು ಎಂದಿನಂತೆ, ಕೆಲವರಿಗೆ ಕಟ್ಟು ಕಟ್ಟಿ ದಿನಕ್ಕೆ ಮೂರು ಸಲ ತಲುಪಿಸಿದರು, ಇನ್ನು ಕೆಲವರಿಗೆ ಪೂರ್ತಿ ನಿಲ್ಲಿಸಿದರು. ಮೂರು ಸಲದವರು ಹೆಚ್ಚು ಏಕಾಗ್ರತೆಯನ್ನೂ ಕಡಿಮೆ ಒತ್ತಡವನ್ನೂ ವರದಿ ಮಾಡಿದರು. ಪೂರ್ತಿ ನಿಲ್ಲಿಸಿಕೊಂಡವರಿಗೆ ಆ ಲಾಭ ಹೆಚ್ಚೇನೂ ದಕ್ಕಲಿಲ್ಲ, ಬದಲಾಗಿ ಏನೋ ಕೈತಪ್ಪುತ್ತಿದೆಯೆಂಬ ಕಳವಳ ಹೆಚ್ಚಿತು. ಉಪವಾಸಕ್ಕಿಂತ ಹೊತ್ತುಹೊತ್ತಿನ ಊಟವೇ ಮೇಲೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಉಳಿದದ್ದೆಲ್ಲ ಇದರ ಮುಂದುವರಿಕೆಯೇ. ಸೂಚನೆ ಕಣ್ಣಿಗೆ ಬೀಳದಂತೆ ಕೆಲಸದ ಹೊತ್ತಿನಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಡುವುದು, ಮುಗಿಯದ ಪುಟಗಳನ್ನು ಅಲಾರಂ ಇಟ್ಟು ಓದುವುದು, ಆ್ಯಪ್‌ಗಳ ಕೆಂಪು ಚುಕ್ಕಿಗಳನ್ನು ತೆಗೆದುಹಾಕುವುದು. ಇಷ್ಟನ್ನು 21 ದಿನ ಮಾಡಿದರೆ ಅಭ್ಯಾಸವಾಗುತ್ತದೆಂಬುದು ಮತ್ತೊಂದು ಕಟ್ಟುಕಥೆ. ಅದಕ್ಕಿಂತ ನಮ್ಮವರ 48 ದಿನದ ಮಂಡಲವೇ ಸತ್ಯಕ್ಕೆ ಹತ್ತಿರ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ರೂಢಿ ಮೈಗೂಡಲು ಹಿಡಿದದ್ದು ಸರಾಸರಿ 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254ರವರೆಗೆ.

ಸೋದರಳಿಯ ಉಪವಾಸ ಬಿಟ್ಟಿದ್ದಾನೆ. ಕರೆಗಳನ್ನು ಮಾತ್ರ ಎಂದಿನಂತೆ ಉಳಿಸಿಕೊಂಡು, ಮಿಕ್ಕ ಸೂಚನೆಗಳೆಲ್ಲ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ ಒಟ್ಟಾಗಿ ಬರುವಂತೆ ಫೋನಿನಲ್ಲಿ ಹೊಂದಿಸಿಕೊಂಡ. ಮೊದಲ ವಾರ ಹತ್ತು ನಿಮಿಷಕ್ಕೊಮ್ಮೆ ಕೈ ಜೇಬಿಗೆ ಹೋಗುತ್ತಿತ್ತಂತೆ. ಹೋದ ತಿಂಗಳು ಪುಣೆಗೆ ಹೋಗಿದ್ದಾಗ ಮಧ್ಯಾಹ್ನ ಅವನ ಜೊತೆ ಊಟಕ್ಕೆ ಕುಳಿತಿದ್ದೆ. ಒಂದು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಮೇಜಿನ ಮೇಲಿದ್ದ ಫೋನಿನ ಕಡೆ ಅವನು ನೋಡಲಿಲ್ಲ, ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಶುಲ್ಟ್ಸರ ಕೋತಿಯಲ್ಲಿ ಮಿಡಿತ ರಸದಿಂದ ಸೂಚನೆಗೆ ಜಾರಿದ್ದನ್ನು ನಾನು ಆಗ ಅವನಿಗೆ ಹೇಳಲು ಹೋಗಲಿಲ್ಲ. ತಟ್ಟೆಯಲ್ಲಿ ಬಿಸಿ ಸಾರು ಬಿದ್ದಿತ್ತು.